ಗುಲ್ಮಾರ್ಗ್‌ಗೆ ಹಿಮ ಬರುತ್ತಾ? ಸ್ಕೀ ಮಾಡೋರು ಫೋರ್‌ಕಾಸ್ಟ್ ಓದೋ ರೀತಿ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಲೆಕ್ಕಗಳನ್ನೂ ಸೇರಿಸಿ ಇಲ್ಲಿ ಬರೀತಿದ್ದೀನಿ.

ಒಂದು ಫೆಬ್ರವರಿ ರಾತ್ರಿ, ಗುರುಗ್ರಾಮದ ಫ್ಲಾಟ್‌ನಲ್ಲಿ ಹನ್ನೆರಡೂವರೆಗೆ ನಾನು ಫೋನ್ ಹಿಡಿದು ಕೂತಿದ್ದೆ. ಹೆಂಡತಿ ಎದ್ದು ಬಂದು "ಪ್ರೊಡಕ್ಷನ್ ಇಶ್ಯೂನಾ?" ಅಂತ ಕೇಳಿದಳು. "ಅಲ್ಲ, ಯೂರೋಪಿಯನ್ ಮಾಡೆಲ್‌ನ ಹೊಸ ರನ್ ಬರೋ ಟೈಮ್" ಅಂದೆ. ಅವಳ ಮುಖ ನೋಡಿದ್ರೆ ಪ್ರೊಡಕ್ಷನ್ ಇಶ್ಯೂ ಅಂದಿದ್ರೇ ವಾಸಿ ಇತ್ತು ಅನ್ನಿಸ್ತು. ವಿಷಯ ಇಷ್ಟೇ. ನಾವು ನಾಲ್ಕು ಜನ, ಮೂವರು ಹಾಸನ ಜಿಲ್ಲೆಯವರು, ಒಬ್ಬ ಮಂಡ್ಯದವನು, ಐದು ದಿನ ರಜೆ ಹಾಕಿ ಗುಲ್ಮಾರ್ಗ್‌ಗೆ ಸ್ಕೀ ಮಾಡೋಕೆ ಹೊರಟಿದ್ವಿ. ಹತ್ತು ದಿನ ಮುಂಚೆ ಅಮೆರಿಕದ ಜಿಎಫ್‌ಎಸ್ ಮಾಡೆಲ್ 140 ಸೆಂಟಿಮೀಟರ್ ಹಿಮ ತೋರಿಸ್ತು. ಮಾರನೇ ದಿನ 20. ಅದರ ಮಾರನೇ ದಿನ 70. ಟಿಕೆಟ್ ಬದಲಾಯಿಸಬೇಕಾ, ಬೇಡವಾ?

ಉತ್ತರ ಭಾರತದಲ್ಲಿ ಇರೋರಿಗೆ ಚಳಿಗಾಲದ ಟಿವಿ ವಾರ್ತೆಯಲ್ಲಿ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಅನ್ನೋ ಮಾತು ಕೇಳಿ ಕೇಳಿ ಅಭ್ಯಾಸ ಆಗಿರತ್ತೆ. ದೆಹಲಿಯಲ್ಲಿ ಜನವರಿ ತಿಂಗಳು ಎರಡು ದಿನ ಮೋಡ ಮುಚ್ಚಿ ಜಿಟಿಜಿಟಿ ಮಳೆ ಬಂದು, ಹೊಗೆ ಒಂಚೂರು ತೊಳೆದುಹೋಗತ್ತಲ್ಲ, ಅದೂ ಇದೇ. ನಮ್ಮ ಮುಂಗಾರಿಗೂ ಇದಕ್ಕೂ ಸಂಬಂಧ ಇಲ್ಲ. ಚಳಿಗಾಲದಲ್ಲಿ ಹಿಮಾಲಯದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಎತ್ತರದ ಗಾಳಿ ಬೀಸ್ತಾ ಇರತ್ತೆ. ಅದೇ ಜೆಟ್ ಸ್ಟ್ರೀಮ್. ಆ ಹೊಳೆಯಲ್ಲಿ ಅಲ್ಲಲ್ಲಿ ದಕ್ಷಿಣಕ್ಕೆ ಜಗ್ಗಿದ ಹಾಗೆ ಒಂದು ಬಳುಕು ಹುಟ್ಟತ್ತೆ. ಮೆಡಿಟರೇನಿಯನ್ ಕಡೆಯಿಂದ ಹೊರಟ ಆ ಬಳುಕು ಟರ್ಕಿ, ಇರಾಕ್, ಇರಾನ್, ಅಫ್ಘಾನಿಸ್ತಾನ ದಾಟಿ, ದಿನಕ್ಕೆ ಹೆಚ್ಚೂಕಡಿಮೆ ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ ನಾಲ್ಕೈದು ದಿನದಲ್ಲಿ ಕಾಶ್ಮೀರ ಮುಟ್ಟತ್ತೆ. ದಾರಿಯಲ್ಲಿ ಮೆಡಿಟರೇನಿಯನ್, ಕ್ಯಾಸ್ಪಿಯನ್, ಕೊನೆಗೆ ನಮ್ಮ ಅರಬ್ಬೀ ಸಮುದ್ರದ ತೇವವನ್ನೂ ಎಳ್ಕೊಳ್ಳತ್ತೆ.

ಬಳುಕು ಇನ್ನೂ ಕಾಶ್ಮೀರದ ಪಶ್ಚಿಮಕ್ಕೆ ಇರುವಾಗ ಅದರ ಮುಂಭಾಗದಲ್ಲಿ ಗಾಳಿ ನೈಋತ್ಯದಿಂದ ಬೀಸತ್ತೆ. ಎದುರಿಗೆ ಪೀರ್ ಪಂಜಾಲ್ ಬೆಟ್ಟಸಾಲು ಅಡ್ಡ ನಿಂತಿದೆ. ಗಾಳಿಗೆ ಬೇರೆ ದಾರಿ ಇಲ್ಲ, ಮೇಲೇರಬೇಕು. ಏರಿದ್ರೆ ತಣ್ಣಗಾಗತ್ತೆ, ತಣ್ಣಗಾದ್ರೆ ತೇವ ಉದುರತ್ತೆ. ಇದನ್ನ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಸುರಿದ್ರೆ, ಘಟ್ಟದ ಈಚೆ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಸಕಲೇಶಪುರದಲ್ಲಿ ಛತ್ರಿ, ಹಾಸನದಲ್ಲಿ ಬಿಸಿಲು. ಅಲ್ಲಿ ಅರಬ್ಬೀ ಸಮುದ್ರ ಮತ್ತು ಸಹ್ಯಾದ್ರಿ ಮಾಡೋ ಕೆಲಸವನ್ನ ಇಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಮತ್ತು ಪೀರ್ ಪಂಜಾಲ್ ಮಾಡ್ತವೆ. ಬಳುಕು ದಾಟಿದ ಮೇಲೆ ಗಾಳಿ ವಾಯುವ್ಯಕ್ಕೆ ತಿರುಗಿ, ಆಕಾಶ ತೆರೆದು, ಥಂಡಿ ಬೀಳತ್ತೆ. ಸ್ಕೀಯರ್‌ಗಳು ಕಾಯೋದು ಆ ಬೆಳಗ್ಗೆಗೆ: ರಾತ್ರಿಯಿಡೀ ಹಿಮ ಬಿದ್ದು, ಬೆಳಗ್ಗೆ ನೀಲಿ ಆಕಾಶ, ಮೊಣಕಾಲುದ್ದ ಹಿಟ್ಟಿನಂಥ ಹಿಮ. ಆ ಬೆಳಗ್ಗೆಯೇ ಯಾಕೆ ಅಪಾಯದ್ದು ಅಂತ ಆಮೇಲೆ ಹೇಳ್ತೀನಿ.

ಈಗ ಮಾಡೆಲ್ ವಿಷಯ. ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇದು ಸುಲಭವಾಗಿ ಅರ್ಥ ಆಗತ್ತೆ, ಯಾಕಂದ್ರೆ ಫೋರ್‌ಕಾಸ್ಟ್ ಅನ್ನೋದು ಟೈಮ್‌ಟೇಬಲ್ ಇಟ್ಕೊಂಡು ಓಡೋ ಬ್ಯಾಚ್ ಜಾಬ್. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಓಡತ್ತೆ, ನಮ್ಮ ಟೈಮ್ ಪ್ರಕಾರ ಬೆಳಗ್ಗೆ 5:30, 11:30, ಸಂಜೆ 5:30, ರಾತ್ರಿ 11:30ರ ಸ್ಥಿತಿಯನ್ನ ಇನ್‌ಪುಟ್ ತಗೊಂಡು. ಅದರ ಔಟ್‌ಪುಟ್ ಬರೋಕೆ ಶುರು ಆಗೋದು ಮೂರೂವರೆ ಗಂಟೆ ಕಳೆದು. ಹಾಗಾಗಿ ಬೆಳಗ್ಗೆ ಒಂಬತ್ತು ಗಂಟೆ ಸ್ಟ್ಯಾಂಡ್‌ಅಪ್ ಮುಗಿಯೋ ಹೊತ್ತಿಗೆ ಒಂದು ಕಂತು, ರಾತ್ರಿ ಊಟ ಆದ ಮೇಲೆ ಇನ್ನೊಂದು. ಯೂರೋಪಿನ ಇಸಿಎಂಡಬ್ಲ್ಯುಎಫ್ ಮಾಡೆಲ್‌ನ ದೊಡ್ಡ ರನ್ ದಿನಕ್ಕೆ ಎರಡು, ನಮಗೆ ಸಿಗೋದು ಮಧ್ಯಾಹ್ನ ಮತ್ತು ಮಧ್ಯರಾತ್ರಿ ಆಸುಪಾಸು. ಅವತ್ತು ನಾನು ಹನ್ನೆರಡೂವರೆಗೆ ಕೂತಿದ್ದಕ್ಕೆ ಕಾರಣ ಇದು. ವಿಂಡಿ ಥರದ ಆ್ಯಪ್‌ನಲ್ಲಿ ಎರಡನ್ನೂ ಅಕ್ಕಪಕ್ಕ ನೋಡಬಹುದು.

ಹತ್ತು ದಿನ ಮುಂಚಿನ 140 ಸೆಂಟಿಮೀಟರ್ ಮಾರನೇ ದಿನ 20 ಆಗೋದು ಹೇಗೆ? ಬಗ್ ಅಲ್ಲ. 1961ರ ಚಳಿಗಾಲದಲ್ಲಿ ಎಂಐಟಿಯ ಎಡ್ವರ್ಡ್ ಲೊರೆಂಜ್ ತನ್ನ ಪುಟ್ಟ ಹವಾಮಾನ ಮಾಡೆಲ್‌ನ ಒಂದು ರನ್ ಅನ್ನ ಮಧ್ಯದಿಂದ ಮತ್ತೆ ಓಡಿಸಬೇಕಿತ್ತು. ಪ್ರಿಂಟ್‌ಔಟ್‌ನಲ್ಲಿದ್ದ ಸಂಖ್ಯೆ ನೋಡಿ 0.506 ಅಂತ ಟೈಪ್ ಮಾಡಿ ಕಾಫಿಗೆ ಹೋದರು. ಮೆಷಿನ್ ಒಳಗಿದ್ದ ಸಂಖ್ಯೆ 0.506127. ವಾಪಸ್ ಬಂದು ನೋಡಿದ್ರೆ ಹವಾಮಾನವೇ ಬೇರೆ ಆಗಿಹೋಗಿತ್ತು. ಮೂರು ದಶಮಾಂಶ ಸ್ಥಾನ ಬಿಟ್ಟಿದ್ದಕ್ಕೆ! ಎಂಟೆಕ್‌ನಲ್ಲಿ ಪ್ಯಾರಲಲ್ ಕಂಪ್ಯೂಟಿಂಗ್ ಲ್ಯಾಬ್‌ಗೆ ಅಂತ ಹೀಟ್ ಇಕ್ವೇಶನ್ ಬಿಡಿಸೋ ಒಂದು ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ಆರಂಭದ ತಪ್ಪು ಹೋಗ್ತಾ ಹೋಗ್ತಾ ತಾನೇ ಕರಗಿಹೋಗ್ತಿತ್ತು. ಗಾಳಿಯ ಇಕ್ವೇಶನ್‌ನಲ್ಲಿ ಉಲ್ಟಾ, ತಪ್ಪು ಬೆಳೀತಾ ಹೋಗತ್ತೆ. ಹತ್ತು ದಿನ ಮುಂಚೆ ನಮ್ಮ ಬಿರುಗಾಳಿ ಇನ್ನೂ ಹುಟ್ಟೇ ಇರಲ್ಲ. ಅಟ್ಲಾಂಟಿಕ್ ಮೇಲಿನ ಯಾವುದೋ ಅಲೆ ಮುಂದೆ ಎಲ್ಲಿ ಬಳುಕತ್ತೆ ಅನ್ನೋ ಊಹೆ ಮೇಲೆ ಆ 140 ನಿಂತಿರತ್ತೆ.

ಹಾಗಾಗಿ ಅನುಭವ ಇರೋ ಸ್ಕೀಯರ್‌ಗಳು ಒಂದು ಸಂಖ್ಯೆಯನ್ನ ನೋಡಲ್ಲ, ಎನ್ಸೆಂಬಲ್ ನೋಡ್ತಾರೆ. ಲೊರೆಂಜ್ ಗೊತ್ತಿಲ್ಲದೆ ಮಾಡಿದ್ದನ್ನ ಇವರು ಬೇಕಂತಲೇ ಮಾಡ್ತಾರೆ. ಆರಂಭದ ಸ್ಥಿತಿಯನ್ನ ಒಂಚೂರು ಒಂಚೂರು ಅಲುಗಾಡಿಸಿ ಅದೇ ಮಾಡೆಲ್ ಅನ್ನ ಮತ್ತೆ ಮತ್ತೆ ಓಡಿಸೋದು. ಯೂರೋಪಿಯನ್ ಎನ್ಸೆಂಬಲ್‌ನಲ್ಲಿ 51 ರನ್, ಅಮೆರಿಕದ್ದರಲ್ಲಿ 31. ನಮ್ಮ ಹತ್ತನೇ ದಿನದ ಚಾರ್ಟ್‌ನಲ್ಲಿ 51 ಗೆರೆಗಳು ಚೆಲ್ಲಿದ ಶಾವಿಗೆ ಥರ ಇದ್ವು. ಕೆಲವು ಸೊನ್ನೆ, ಕೆಲವು 10, ಎಲ್ಲೋ ಒಂದೆರಡು 150. ಆ ಹೊತ್ತಿಗೆ ಹೇಳಬಹುದಾಗಿದ್ದು 'ಆ ವಾರದಲ್ಲಿ ಏನೋ ಬರೋ ಸಾಧ್ಯತೆ ಇದೆ' ಅಂತ ಮಾತ್ರ. ಐದನೇ ದಿನಕ್ಕೆ ಬಂದಾಗ ಗೆರೆಗಳು ಒಟ್ಟುಗೂಡೋಕೆ ಶುರು ಆದ್ವು, ಬಹುಪಾಲು 40ರಿಂದ 80ರ ನಡುವೆ. ನಾನು ಟಿಕೆಟ್ ಬದಲಾಯಿಸಬೇಡಿ ಅಂದಿದ್ದು ಆವತ್ತು. ಮಂಡ್ಯದವನು ಮಾತ್ರ 140ರ ಸ್ಕ್ರೀನ್‌ಶಾಟ್ ಹಿಡ್ಕೊಂಡು "ಗುರೂ, ನೀನೇ ತಾನೇ ತೋರ್ಸಿದ್ದು" ಅಂತ ಕೊನೇವರೆಗೂ ಬಿಡಲಿಲ್ಲ.

ನಮ್ಮ ತಾತ ಪಂಚಾಂಗ ತೆಗೆದು ಪುನರ್ವಸು ಹೇಗೆ, ಪುಷ್ಯ ಹೇಗೆ ಅಂತ ಹೇಳೋರು. ಮಳೆ ತಪ್ಪಿದ್ರೆ ಪಂಚಾಂಗದ ಮೇಲೆ ಯಾರೂ ರೇಗ್ತಿರಲಿಲ್ಲ. ಆ್ಯಪ್ ಮೇಲೆ ಮಾತ್ರ ನಮಗೆ ಸಿಟ್ಟು, ಯಾಕಂದ್ರೆ ಅದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳತ್ತೆ.

ಇನ್ನು ಎರಡು ಮೂರು ದಿನ ಉಳಿದಾಗ ಮಾಡೆಲ್ ಜೊತೆಗೆ ಉಪಗ್ರಹ ಚಿತ್ರ ನೋಡಬೇಕು. ಇರಾನ್, ಅಫ್ಘಾನಿಸ್ತಾನದ ಕಡೆ ಹವಾಮಾನ ಬಲೂನು ಬಿಡೋ ಕೇಂದ್ರಗಳು ವಿರಳ, ಆದ್ದರಿಂದ ಮೇಲಿನಿಂದ ಕಾಣೋ ಕಣ್ಣು ಬೇಕು. ಹವಾಮಾನ ಇಲಾಖೆಯ ಪುಟದಲ್ಲಿ ಇನ್‌ಸ್ಯಾಟ್-3ಡಿಆರ್, ಇನ್‌ಸ್ಯಾಟ್-3ಡಿಎಸ್ ಚಿತ್ರಗಳು ಸಿಗ್ತವೆ. ಅದರಲ್ಲಿ ವಾಟರ್ ವೇಪರ್ ಅನ್ನೋ ಚಾನೆಲ್ ತೆರೆದು ಒಂದಾದ ಮೇಲೊಂದು ಓಡಿಸಿದ್ರೆ, ಒಣ ಗಾಳಿಯ ಕಪ್ಪು ಪಟ್ಟಿ ಕುಡುಗೋಲಿನ ಹಾಗೆ ಬಾಗಿ, ಅದರ ಮುಂದೆ ಬಿಳಿ ಮೋಡದ ರಾಶಿ ಪೂರ್ವಕ್ಕೆ ಬರೋದು ಕಣ್ಣಿಗೇ ಕಾಣತ್ತೆ. ಈ ಉಪಗ್ರಹಗಳನ್ನ ನೋಡ್ಕೊಳ್ಳೋದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ. ಸ್ಕೂಲಿಗೆ ಹೋಗುವಾಗ ಆ ದೊಡ್ಡ ಡಿಶ್‌ಗಳನ್ನ ನೋಡಿ ಟಿವಿಗೆ ಅಂತ ಅಂದ್ಕೊಂಡಿದ್ದೆ. ಕಾಶ್ಮೀರದ ಹಿಮಕ್ಕೂ ಅವಕ್ಕೂ ನಂಟಿದೆ ಅಂತ ಯಾರು ಹೇಳಬೇಕಿತ್ತು?

ಬಿರುಗಾಳಿ ಬರೋದು ಖಾತ್ರಿ ಆದ ಮೇಲೂ ನಿಜವಾದ ಪ್ರಶ್ನೆ ಉಳಿದಿರತ್ತೆ: ಬೀಳೋದು ಹಿಮವಾ, ಮಳೆಯಾ? ಗುಲ್ಮಾರ್ಗ್ ಹುಲ್ಲುಗಾವಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಗೆ ಕರೆದೊಯ್ಯತ್ತೆ, ಸುಮಾರು 3,100. ಎರಡನೇ ಹಂತ ಅಫರ್ವಾಟ್ ಬೆಟ್ಟದ ಭುಜಕ್ಕೆ, ಸುಮಾರು 3,950. ಕೆಳಗಿಂದ ಮೇಲಕ್ಕೆ 1,300 ಮೀಟರ್ ವ್ಯತ್ಯಾಸ, ಆದ್ರೆ ಅಡ್ಡ ದೂರ ಐದು ಕಿಲೋಮೀಟರ್ ಆಸುಪಾಸು. ಜಿಎಫ್‌ಎಸ್‌ನ ಒಂದು ಚೌಕ ಸುಮಾರು 13 ಕಿಲೋಮೀಟರ್, ಯೂರೋಪಿಯನ್ನಿನದು 9. ಅಂದ್ರೆ ಇಡೀ ಗುಲ್ಮಾರ್ಗ್, ಹೋಟೆಲಿಂದ ತುದಿಯವರೆಗೆ, ಒಂದೇ ಪಿಕ್ಸೆಲ್! ಆ ಪಿಕ್ಸೆಲ್‌ಗೆ ಒಂದೇ ಎತ್ತರ, ಒಂದೇ ಉಷ್ಣಾಂಶ. ಪುಣೆಯಲ್ಲಿ ಇರೋರಿಗೆ ಒಂದು ಮಾತು: ನಿಮ್ಮ ಪಾಷಾಣ್ ಕಡೆಯ ಐಐಟಿಎಂ ಅಭಿವೃದ್ಧಿ ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ 26ರಂದು ಚಾಲನೆಗೆ ಬಂತು. ಅದರ ಚೌಕ ಸುಮಾರು 6 ಕಿಲೋಮೀಟರ್. ಒಳ್ಳೆ ಹೆಜ್ಜೆ. ಆದ್ರೂ ಅಫರ್ವಾಟ್‌ನಂಥ ಕಡಿದಾದ ಬೆಟ್ಟಕ್ಕೆ ಆರು ಕಿಲೋಮೀಟರ್ ಕೂಡ ದಪ್ಪ ಕುಂಚವೇ.

ಇಲ್ಲಿ ಸ್ಕೀಯರ್ ತಾನೇ ಲೆಕ್ಕ ಹಾಕಬೇಕು. ಉದಾಹರಣೆಗೆ ಮಾಡೆಲ್‌ನ ಚೌಕದ ಎತ್ತರ 2,900 ಮೀಟರ್, ಅಲ್ಲಿ ಮೈನಸ್ 1 ಡಿಗ್ರಿ ಅಂತಿದೆ ಅಂದ್ಕೊಳ್ಳಿ. ಸಾವಿರ ಮೀಟರ್ ಏರಿದ್ರೆ ಸರಾಸರಿ ಆರೂವರೆ ಡಿಗ್ರಿ ಇಳಿಯತ್ತೆ. ಹಾಗಾದ್ರೆ ಹೋಟೆಲ್ ಬಾಗಿಲಲ್ಲಿ ಪ್ಲಸ್ 0.6, ಅಫರ್ವಾಟ್ ಮೇಲೆ ಮೈನಸ್ 7.8. ಆ್ಯಪ್ ತೋರಿಸೋದು ಮಾತ್ರ ಮೈನಸ್ 1. ಸೊನ್ನೆ ಡಿಗ್ರಿ ಎತ್ತರ ಎಲ್ಲಿದೆ ಅಂತ ಹುಡುಕಿ, ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಹಿಮ ಕರಗದೆ ಬರಬಹುದು ಅಂತ ಇಟ್ಕೊಳ್ಳಬೇಕು.

ಮಾಡೆಲ್ ನಿಜಕ್ಕೂ ಲೆಕ್ಕ ಹಾಕೋದು ನೀರನ್ನ, ಹಿಮದ ಎತ್ತರವನ್ನಲ್ಲ. ನೀರನ್ನ ಹಿಮಕ್ಕೆ ಪರಿವರ್ತಿಸೋಕೆ ಬಹಳ ಕಡೆ ಒಂದಕ್ಕೆ ಹತ್ತು ಅಂತ ಕಣ್ಣುಮುಚ್ಚಿ ಗುಣಿಸಿಬಿಡ್ತಾರೆ. 30 ಮಿಲಿಮೀಟರ್ ನೀರು ಅಂದ್ರೆ 30 ಸೆಂಟಿಮೀಟರ್ ಹಿಮ. ವಾಸ್ತವದಲ್ಲಿ ಸೊನ್ನೆ ಡಿಗ್ರಿ ಹತ್ತಿರ ಬೀಳೋ ಒದ್ದೆ ಹಿಮ ಒಂದಕ್ಕೆ ಏಳು ಇದ್ರೆ ಹೋಟೆಲ್ ಹತ್ತಿರ 21 ಸೆಂಟಿಮೀಟರ್ ಕೆಸರು. ಮೇಲೆ ಚಳಿಗೆ ಅದೇ ನೀರು ಒಂದಕ್ಕೆ ಹದಿನೈದು ಆದ್ರೆ 45 ಸೆಂಟಿಮೀಟರ್ ಹಗುರ ಪೌಡರ್. ಒಂದು ಬಿರುಗಾಳಿ, ಒಂದು ಪಿಕ್ಸೆಲ್, ಎರಡು ಬೇರೆ ಲೋಕ. ಹಿಮ ಅಂದ್ರೆ ಏನು ಅಂತ ಊರಿಂದ ಅಮ್ಮ ಕೇಳಿದಾಗ ನಾನು ಕೊಟ್ಟ ಉದಾಹರಣೆ ಇದು: ಒಂದೇ ಅಕ್ಕಿ, ಒಂದು ಕಡೆ ಗಂಜಿ, ಇನ್ನೊಂದು ಕಡೆ ಮಂಡಕ್ಕಿ.

ಬಿರುಗಾಳಿಯ ಒಳಗೆ ಉಷ್ಣಾಂಶ ಯಾವ ದಿಕ್ಕಿಗೆ ಹೋಗತ್ತೆ ಅನ್ನೋದೂ ಮುಖ್ಯ. ಮೊದಲು ಬೆಚ್ಚಗಿದ್ದು ಆಮೇಲೆ ಚಳಿ ಆದ್ರೆ ಕೆಳಗೆ ಭಾರದ ಹಿಮ, ಮೇಲೆ ಹಗುರದ್ದು. ಅದು ಕೂರತ್ತೆ. ತಿರುಗುಮುರುಗಾಗಿ ಹಗುರ ಹಿಮದ ಮೇಲೆ ಭಾರದ್ದು ಬಿದ್ರೆ ಜಾರೋಕೆ ಕಾಯ್ತಾ ಇರತ್ತೆ. ಇದಕ್ಕಿಂತ ಕೆಟ್ಟದ್ದು ಬಹಳ ದಿನದ ಒಣ ಚಳಿ. ತೆಳ್ಳಗಿನ ಹಳೇ ಹಿಮ ವಾರಗಟ್ಟಲೆ ಹಾಗೇ ಬಿದ್ದಿದ್ರೆ ಅದರ ಕಣಗಳು ಒಂದಕ್ಕೊಂದು ಅಂಟದ ಸಕ್ಕರೆ ಥರ ಆಗ್ತವೆ. ಆ ಸಕ್ಕರೆ ಮೇಲೆ ಒಂದೇ ಸಲ ಅರ್ಧ ಮೀಟರ್ ಹೊಸ ಹಿಮ ಬಿದ್ದು, ಗಾಳಿ ಅದನ್ನ ಒಂದು ಕಡೆಗೆ ಒಟ್ಟಿ ಗಟ್ಟಿ ಹಲಗೆ ಮಾಡಿದ್ರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀಯರ್‌ನ ತೂಕವೇ ಸಾಕು, ಹಲಗೆ ಒಡೆದು ಇಡೀ ಮುಖ ಜಾರತ್ತೆ.

2024 ನೆನಪಿಸ್ಕೊಳ್ಳಿ. ಆ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ, ಕಂದು ಹುಲ್ಲು ಕಾಣ್ತಿದ್ದ ಫೋಟೋಗಳು ಎಲ್ಲ ಕಡೆ ಓಡಾಡಿದ್ವು. ಡಿಸೆಂಬರ್ 21ರಿಂದ ಶುರು ಆಗೋ ನಲವತ್ತು ದಿನದ ಚಿಲ್ಲೈ ಕಲಾನ್, ಕಾಶ್ಮೀರದ ಅತಿ ಕಠಿಣ ಚಳಿಯ ಕಾಲ, ಬಹುಪಾಲು ಒಣಗಿಯೇ ಕಳೀತು. ಹೋಟೆಲ್‌ನವರು, ಗೈಡ್‌ಗಳು, ಸ್ಲೆಡ್ಜ್ ಎಳೆಯೋರು ಎಲ್ಲರದ್ದೂ ಹೊಟ್ಟೆಪಾಡು ಆ ಹಿಮದ ಮೇಲೆ. ತಿಂಗಳ ಕೊನೆಗೆ ಹಿಮ ಶುರು ಆಯ್ತು. ಫೆಬ್ರವರಿ ಮೂರನೇ ವಾರ ಭರ್ಜರಿ ಬಿತ್ತು. 21ರಂದು ಅಲ್ಲೇ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಶುರು ಆಯ್ತು. ಮಾರನೇ ದಿನ, 22ರಂದು, ಮೇಲಿನ ಇಳಿಜಾರಿನಲ್ಲಿ ಹಿಮಕುಸಿತ ಆಗಿ ರಷ್ಯಾದ ಒಬ್ಬ ಸ್ಕೀಯರ್ ಸತ್ತರು. ಅದರ ಹಿಂದಿನ ವರ್ಷ ಫೆಬ್ರವರಿ 1ರಂದು ಅಫರ್ವಾಟ್ ಮೇಲೇ ಪೋಲೆಂಡಿನ ಇಬ್ಬರು ಹೋಗಿದ್ದರು. ಮುಂದೆ 2025ರಲ್ಲಿ ಹಿಮವೇ ಸಾಲದೆ ಅದೇ ಗೇಮ್ಸ್ ಫೆಬ್ರವರಿಯಿಂದ ಮಾರ್ಚ್ 9ಕ್ಕೆ ಮುಂದೂಡಿಕೆ ಆಯ್ತು. ಕಾಯೋದೂ ಕಷ್ಟ, ಬಂದ ಮೇಲೂ ಕಷ್ಟ.

ಹಾಗಾಗಿ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನೋಡಿದ ಮೇಲೆ ಕೆಲಸ ಮುಗಿಯಲ್ಲ. ಹಿಮಕುಸಿತದ್ದು ಬೇರೆ ಬುಲೆಟಿನ್. ಡಿಆರ್‌ಡಿಒದ ಡಿಜಿಆರ್‌ಇ, ಹಿಂದೆ ಸಾಸೆ ಅಂತಿದ್ದ ಸಂಸ್ಥೆ, ಅದನ್ನ ಕೊಡತ್ತೆ. ಹಿಮ ಬೀಳುವಾಗ ಮಾತ್ರ ಅಪಾಯ, ನಿಂತ ಮೇಲೆ ಮುಗೀತು ಅನ್ನೋದು ನಮ್ಮಂಥ ಬಯಲುಸೀಮೆಯವರ ತಪ್ಪು ಲೆಕ್ಕ. ಹೊಸ ಭಾರ ಕೂರೋಕೆ ಸಮಯ ಬೇಕು. ಹೂತುಹೋದವರನ್ನ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದ್ರೆ ಬದುಕೋ ಅವಕಾಶ ಚೆನ್ನಾಗಿದೆ, ಆಮೇಲೆ ಬೇಗ ಬೇಗ ಇಳಿಯತ್ತೆ. ಆದ್ದರಿಂದ ಹೆಲಿಕಾಪ್ಟರ್ ಬರತ್ತೆ ಅನ್ನೋ ಮಾತು ಬೇಡ. ತೆಗೆಯಬೇಕಾದವನು ಪಕ್ಕದಲ್ಲಿರೋ ಗೆಳೆಯ. ಅವನ ಹತ್ತಿರ ಟ್ರಾನ್ಸೀವರ್, ಉದ್ದ ಕಡ್ಡಿ, ಸಲಿಕೆ ಇರಬೇಕು, ಬಳಸೋಕೂ ಗೊತ್ತಿರಬೇಕು.

ನಮ್ಮ ಕಥೆಗೆ ಬರ್ತೀನಿ. ಗುರುವಾರ ತಲುಪಿದ್ವಿ. ಟ್ಯಾಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್‌ಗೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ. ಶುಕ್ರವಾರ ಸಂಜೆ ಶುರು ಆದ ಹಿಮ ಶನಿವಾರ ರಾತ್ರಿವರೆಗೂ ಬಿತ್ತು. ಹೋಟೆಲ್ ಮುಂದೆ ನಾನು ಸ್ಕೀ ಕೋಲು ಇಳಿಸಿ ಅಳೆದಾಗ ಐವತ್ತರ ಹತ್ತಿರ. ಐದನೇ ದಿನದ ಎನ್ಸೆಂಬಲ್ ಹೇಳಿದ್ದೂ ಹಾಗೇ. ಭಾನುವಾರ ಬೆಳಗ್ಗೆ ಆಕಾಶ ತೊಳೆದ ಹಾಗೆ. ಎರಡನೇ ಹಂತದ ಗೊಂಡೋಲಾ ಬಂದ್.

ಮಂಡ್ಯದವನಿಗೆ ತಡೆಯೋಕಾಗಲಿಲ್ಲ. ಕೊಂಗ್ಡೂರಿಯಿಂದ ಪಕ್ಕದ ಇಳಿಜಾರಿಗೆ ನಡೆದೇ ಹತ್ತಬಹುದು, ಬೇರೆಯವರು ಹೋಗ್ತಿದ್ದಾರೆ, ಸೋಮವಾರ ಫ್ಲೈಟು, ಇಷ್ಟು ದುಡ್ಡು ಸುರಿದು ಬಂದಿದ್ದೀವಿ ಅಂತ ವಾದ. ಒಂದೊಂದು ಮಾತೂ ನಿಜವೇ. ನಾನೂ ಒಂದು ಕ್ಷಣ ಬೂಟಿನ ಕ್ಲಿಪ್ ಬಿಗಿ ಮಾಡ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ನಮ್ಮ ಗೈಡ್, ಐವತ್ತು ದಾಟಿದ ಹಿರಿಯರು, ಅವನ ಜೊತೆ ವಾದಕ್ಕೆ ಇಳೀಲಿಲ್ಲ. ಕೈಯಿಂದ ಮೇಲಿನ ಅಂಚು ತೋರಿಸಿದರು. ಅಲ್ಲಿ ಗಾಳಿಗೆ ಹಿಮ ಹೊಗೆ ಥರ ಏಳ್ತಾ ನಮ್ಮ ಕಡೆಯ ಇಳಿಜಾರಿಗೆ ಬಂದು ಕೂರ್ತಿತ್ತು. "ಮೇಲೆ ಇನ್ನೂ ಹಿಮಪಾತ ನಿಂತಿಲ್ಲ ಬೇಟಾ, ಆಕಾಶದಿಂದ ಮಾತ್ರ ನಿಂತಿದೆ" ಅಂದರು ಹಿಂದಿಯಲ್ಲಿ. ಮಾಡೆಲ್‌ನ ಯಾವ ಪಿಕ್ಸೆಲ್‌ನಲ್ಲೂ ಆ ಹೊಗೆ ಇರಲಿಲ್ಲ.

ಮೊದಲ ಹಂತದ ಕೆಳಗೆ ಕಾಡಂಚಿನ ಸಪಾಟು ಇಳಿಜಾರಿನಲ್ಲಿ ಸಂಜೆವರೆಗೂ ಸ್ಕೀ ಮಾಡಿದ್ವಿ, ನಾಲ್ಕು ಜನ ಒಟ್ಟು ಎಷ್ಟು ಸಲ ಬಿದ್ವಿ ಅಂತ ಲೆಕ್ಕ ಇಟ್ಟಿಲ್ಲ. ಮಧ್ಯಾಹ್ನ ಚಹಾ ಕುಡೀತಾ ಇರುವಾಗ ಗೈಡ್ ಮತ್ತೆ ಮೇಲೆ ತೋರಿಸಿದರು. ಮಂಡ್ಯದವನು ಹೋಗಬೇಕು ಅಂದಿದ್ದ ಜಾಗಕ್ಕಿಂತ ಒಂಚೂರು ಬಲಕ್ಕೆ, ಹಿಮದ ಮೇಲೆ ಬ್ಲೇಡಿನಲ್ಲಿ ಎಳೆದ ಹಾಗೆ ಒಂದು ಗೆರೆ, ಅದರ ಕೆಳಗೆ ಹರಡಿದ ಹೆಂಟೆ ಹೆಂಟೆ ಹಿಮ. ಬೆಳಗ್ಗೆ ಅದು ಇರಲಿಲ್ಲ. ಆ ಭಾಗದಲ್ಲಿ ಯಾರೂ ಇರಲಿಲ್ಲ ಅಂತ ಪೆಟ್ರೋಲ್‌ನವರು ಹೇಳಿದರು.

ಅವನು ಗ್ಲಾಸು ಕೆಳಗಿಟ್ಟು ಸುಮಾರು ಹೊತ್ತು ಅದನ್ನೇ ನೋಡ್ತಾ ನಿಂತಿದ್ದ. ಸೋಮವಾರ ನಾವು ಲಗೇಜ್ ಗಾಡಿಗೆ ಹಾಕ್ತಿರುವಾಗ ಎರಡನೇ ಹಂತ ತೆರೀತು ಅನ್ನೋ ಸುದ್ದಿ ಬಂತು. ಶ್ರೀನಗರದ ಫ್ಲೈಟಿಗೆ ನಾಲ್ಕು ಗಂಟೆ ಇತ್ತು. "ಮುಂದಿನ ವರ್ಷ ಐದಲ್ಲ, ಎಂಟು ದಿನ ರಜೆ ಹಾಕೋಣ ಗುರೂ, ಮೊದಲ ಐದು ದಿನ ಬರೀ ಕಾಯೋದಕ್ಕೆ" ಅಂದ ಮಂಡ್ಯದವನು, ಮ್ಯಾನೇಜರ್‌ಗೆ ಏನು ಕಾರಣ ಹೇಳೋದು ಅಂತ ಟ್ಯಾಂಗ್‌ಮಾರ್ಗ್ ತಲುಪೋವರೆಗೂ ಚರ್ಚೆ ನಡೀತು.